ದ್ವೀಪದ ಸುತ್ತ ಗೋಡೆ ಕಟ್ಟಿದರೆ ಸಾಲದೇ?

ಪ್ರಶ್ನೆ: ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ತುವಾಲು ಮುಳುಗುತ್ತದೆ ಅಂತ ವರ್ಷಗಳಿಂದ ಓದುತ್ತಲೇ ಇದ್ದೇನೆ. ನೆದರ್‌ಲೆಂಡ್ಸ್‌ನ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದ್ದರೂ ಒಡ್ಡು ಕಟ್ಟಿಕೊಂಡು ಆರಾಮಾಗಿದ್ದಾರಲ್ಲ, ಇವರಿಗೇನು ಕಷ್ಟ?

ಉತ್ತರ: ನೀರು ದಡ ಹತ್ತಿಯೇ ಬರುವುದಾಗಿದ್ದರೆ ಗೋಡೆ ಸಾಕಿತ್ತು. ತುವಾಲುವಿನಲ್ಲಿ ಅದು ಕಾಲಡಿಯಿಂದಲೂ ಬರುತ್ತದೆ. ಅಲ್ಲಿನ ನೆಲ ಅಂದರೆ ಹವಳದ ಚೂರು ಮತ್ತು ಮರಳು, ಬರೀ ತೂತು. ವರ್ಷದ ದೊಡ್ಡ ಉಬ್ಬರ ಬಂದಾಗ ರಾಜಧಾನಿ ಫುನಾಫುಟಿಯಲ್ಲಿ ಮಳೆಯೇ ಇಲ್ಲದೆ, ಒಳ್ಳೆ ಬಿಸಿಲಲ್ಲೇ, ಉಪ್ಪುನೀರು ನೆಲದೊಳಗಿಂದ ಗುಳುಗುಳು ಉಕ್ಕಿ ಮನೆಯಂಗಳದಲ್ಲಿ ನಿಲ್ಲುತ್ತದೆ. ಇದಕ್ಕೆ ಗೋಡೆ ಏನು ಮಾಡೀತು?

ಮನೆ ಮುಳುಗುವ ಮಾತು ಆಮೇಲಿನದು. ಮೊದಲು ಕೆಡುವುದು ಕುಡಿಯುವ ನೀರು. ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ನೆಲದಡಿ ಅದರ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಜನ ಈ ಸಿಹಿನೀರು ಸಿಗುವಷ್ಟು ಆಳಕ್ಕೆ ಗುಂಡಿ ತೋಡಿ, ಸೊಪ್ಪಿನ ಗೊಬ್ಬರ ಹಾಕಿ, ಪುಲಾಕಾ ಅನ್ನುವ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ಉಪ್ಪು ಸೇರಿತೋ, ಬೆಳೆ ಹೋಯಿತು ಅಂತಲೇ ಲೆಕ್ಕ. ಈಗ ಕುಡಿಯಲು ಹೆಚ್ಚಾಗಿ ಚಾವಣಿಯಿಂದ ಟ್ಯಾಂಕಿಗೆ ಹಿಡಿದ ಮಳೆನೀರೇ ಗತಿ. ಮಳೆ ಕೈಕೊಟ್ಟ 2011ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು.

ಹಾಗಂತ ಸುಮ್ನೆ ಕೂತಿಲ್ಲ. ಫುನಾಫುಟಿಯಲ್ಲಿ ಲಗೂನಿನ (ಹವಳದ ದಿಬ್ಬ ಸುತ್ತುವರಿದ ಕಡಲಿನ) ಮರಳು ತೆಗೆದು ಸುಮಾರು 7 ಹೆಕ್ಟೇರ್ ಎತ್ತರದ ನೆಲ ಹೊಸದಾಗಿ ಮಾಡಿಕೊಂಡಿದ್ದಾರೆ. ಮಾಲ್ಡೀವ್ಸ್ 1997ರಲ್ಲೇ ಹುಲ್ಹುಮಾಲೆ ದ್ವೀಪವನ್ನು ಹೀಗೆ ಕಟ್ಟಲು ಶುರುಮಾಡಿತ್ತು. ನನ್ನ ಕೇಳಿದರೆ ಗೋಡೆಗಿಂತ ಇದೇ ಸರಿಯಾದ ದಾರಿ, ಆದರೆ ದುಡ್ಡು ಜಾಸ್ತಿ. ಹತ್ತು-ಹನ್ನೊಂದು ಸಾವಿರ ಜನರ ದೇಶಕ್ಕೆ ಅದು ಸ್ವಂತ ಬೊಕ್ಕಸದಿಂದ ಆಗುವ ಕೆಲಸವಲ್ಲ, ಹೊರಗಿನ ಹವಾಮಾನ ನಿಧಿಗಳಿಗೆ ಅರ್ಜಿ ಹಾಕಿ ಕಾಯಬೇಕು. ಕಡಲು ಏರಲು ಕಾರಣವಾದ ಹೊಗೆಯಲ್ಲಿ ಇವರು ಉಗುಳಿದ್ದಾದರೂ ಎಷ್ಟಿದೆ ಹೇಳಿ!

ಪ್ರಶ್ನೆ: ತುವಾಲು ದೊಡ್ಡದಾಗುತ್ತಿದೆ ಅಂತಲೂ ಓದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ. 1971ರಿಂದ 2014ರವರೆಗಿನ ಚಿತ್ರಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿರುವುದು ಕಂಡಿತು. ಅಲೆಗಳು ಹವಳದ ಚೂರು, ಮರಳು ತಂದು ದಡಕ್ಕೆ ಒಟ್ಟುತ್ತವೆ. ಕೆಲವು ದ್ವೀಪ ಸವೆದಿವೆ, ಹೆಚ್ಚಿನವು ಬೆಳೆದಿವೆ. ಆದರೆ ಅಂಚಿನಲ್ಲಿ ಮರಳು ಸೇರಿದ ಮಾತ್ರಕ್ಕೆ ಪುಲಾಕಾ ಗುಂಡಿಯ ಉಪ್ಪು ಇಳಿಯುವುದಿಲ್ಲ, ಅಲ್ವಾ? ಅದಕ್ಕೇ 2023ರಲ್ಲಿ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ ಮಾಡಿಕೊಂಡರು. ವರ್ಷಕ್ಕೆ 280 ಮಂದಿವರೆಗೆ ಅಲ್ಲಿಗೆ ಹೋಗಿ ನೆಲೆಸಬಹುದು, ಬೇಕೆಂದಾಗ ತುವಾಲುವಿಗೆ ವಾಪಸ್ ಬರಲೂಬಹುದು.