ಇರುವೆ ಪುಡಿ ತರುವ ಮುಂಚೆ ಗೋಡೆಯ ತೂತು ನೋಡಿ

ಓದುಗರ ಪತ್ರ: "ನಮ್ಮದು ಮೈಸೂರಿನಲ್ಲಿ ನೆಲಮಹಡಿಯ ಬಾಡಿಗೆ ಮನೆ. ಒಂದು ನಾಯಿ, ಒಂದು ಬೆಕ್ಕು ಇವೆ. ಮಳೆ ಶುರುವಾದಾಗಿನಿಂದ ಇರುವೆ ಕಾಟ ತಡೆಯೋಕಾಗುತ್ತಿಲ್ಲ. ನಾಯಿಗೆ ಊಟ ಹಾಕಿ ಈ ಕಡೆ ತಿರುಗುವಷ್ಟರಲ್ಲಿ ತಟ್ಟೆ ಮುತ್ತಿಕೊಂಡಿರುತ್ತವೆ. ಮಾವನವರು ಅಂಗಡಿಯಿಂದ ಬಿಳಿ ಪುಡಿ ತಂದು ಅಡುಗೆಮನೆಯ ಗೋಡೆ ಅಂಚಿಗೆಲ್ಲ ಉದುರಿಸಿದರು. ಮಾರನೇ ದಿನ ಬೆಕ್ಕು ಜೊಲ್ಲು ಸುರಿಸುತ್ತಾ ಮಂಚದ ಕೆಳಗೆ ಕೂತುಬಿಟ್ಟಿತ್ತು. ಪುಡಿ ಒರೆಸಿ ತೆಗೆದೆ. ಮಾವನವರು 'ನಾವೆಲ್ಲ ಇದೇ ಪುಡಿ ಹಾಕಿಕೊಂಡು ಬೆಳೆದವರು, ಏನೂ ಆಗಲ್ಲ' ಅನ್ನುತ್ತಾರೆ. ಮಗಳು 'ಲವಂಗದೆಣ್ಣೆ ಸಿಂಪಡಿಸು, ಅದು ನೈಸರ್ಗಿಕ' ಅನ್ನುತ್ತಾಳೆ. ಯಾರ ಮಾತು ಸರಿ? ನಾನು ಏನು ಹಾಕಲಿ? ಹೆಸರು ಹಾಕಬೇಡಿ, ಮಾವನವರೂ ನಿಮ್ಮ ಓದುಗರು."

ಸಂಪಾದಕರ ಉತ್ತರ:

ಇರುವೆ ಮಾತು ಆಮೇಲೆ ಆಡೋಣ, ಮೊದಲು ಬೆಕ್ಕಿನದ್ದು. ಈಗ ಆಟವಾಡಿಕೊಂಡಿದ್ದರೂ ಒಮ್ಮೆ ಪಶುವೈದ್ಯರಿಗೆ ತೋರಿಸಿ, ಹೋಗುವಾಗ ಆ ಪುಡಿಯ ಪೊಟ್ಟಣ ತೆಗೆದುಕೊಂಡು ಹೋಗಿ. ಪೊಟ್ಟಣ ಯಾಕೆ ಅಂದರೆ, ಒಳಗಿರುವುದು ಮೆಲಾಥಿಯಾನ್ ಜಾತಿಯ ವಿಷವಾಗಿದ್ದರೆ ಅದಕ್ಕೆ ಅಟ್ರೋಪಿನ್ ಅನ್ನುವ ಇಂಜೆಕ್ಷನ್ ಇದೆ, ಪೈರೆಥ್ರಾಯ್ಡ್ ಜಾತಿಯದಾಗಿದ್ದರೆ ಅದಕ್ಕೇ ಅಂತ ಮದ್ದಿಲ್ಲ, ನಡುಕ ಬಂದರೆ ನಡುಕಕ್ಕೆ, ಫಿಟ್ಸ್ ಬಂದರೆ ಫಿಟ್ಸ್‌ಗೆ ಚಿಕಿತ್ಸೆ ಮಾಡುತ್ತಾ ಹೋಗಬೇಕು. ಎರಡರಲ್ಲೂ ಜೊಲ್ಲು ಸುರಿಯುತ್ತದೆ. ಪೊಟ್ಟಣದ ಮೇಲೆ ಹೆಸರಿಲ್ಲದಿದ್ದರೆ ವೈದ್ಯರೂ ಊಹೆ ಮಾಡಬೇಕಾಗುತ್ತದೆ.

ಬೆಕ್ಕಿಗೇ ಯಾಕೆ ಹೀಗಾಯಿತು, ನಾಯಿಗೆ ಯಾಕಾಗಲಿಲ್ಲ? ಬೆಕ್ಕು ಎಚ್ಚರವಿದ್ದಾಗೆಲ್ಲ ಮೈ ನೆಕ್ಕಿಕೊಳ್ಳುವ ಪ್ರಾಣಿ. ನೆಲದ ಮೇಲೆ ಬಿದ್ದದ್ದು ಪಂಜಕ್ಕೆ, ಪಂಜದಿಂದ ನಾಲಿಗೆಗೆ. ಅದರ ಮೇಲೆ, ಕೆಲವು ವಿಷಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಹುಟ್ಟಿನಿಂದಲೇ ಕಮ್ಮಿ. ನಾಯಿಯ ಉಣ್ಣಿಗೆ ಅಂತ ಕತ್ತಿನ ಮೇಲೆ ಬಿಡುವ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿಗೆ ಬಿಟ್ಟು, ಅದು ನಡುಗಿ ನಡುಗಿ ಸತ್ತ ಪ್ರಕರಣಗಳು ಎಲ್ಲ ದೇಶದ ಪಶುವೈದ್ಯರಿಗೂ ಗೊತ್ತು. ನಿಮ್ಮ ಮನೆಯಲ್ಲಿ ಎರಡೂ ಇವೆ, ಇದನ್ನು ನೆನಪಿಡಿ. ಗೆರೆ ಎಳೆಯುವ ಇರುವೆ ಚಾಕ್‌ನಲ್ಲಿ ಇರುವುದೂ ಪೈರೆಥ್ರಾಯ್ಡ್ ವಿಷವೇ. ಚಾಕ್ ಅಂದ ಕೂಡಲೇ ನಮಗೆ ಸ್ಕೂಲಿನ ಸೀಮೆಸುಣ್ಣ ನೆನಪಾಗುತ್ತದೆ, ಹಾಗಾಗಿ ಮಕ್ಕಳ ಕೈಗೆ ಸಿಗುವ ಜಾಗದಲ್ಲೇ ಇಟ್ಟಿರುತ್ತೇವೆ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರಂತೂ ಈ ಜಾತಿಯ ಸ್ಪ್ರೇ ಅದರ ಹತ್ತಿರ ಸುಳಿಯಲೇಬಾರದು, ಮೀನಿಗೆ ತೀರಾ ಸ್ವಲ್ಪ ಸಾಕು.

ಮಾವನವರ ಮಾತಿನಲ್ಲಿ ಒಂದು ನ್ಯಾಯ ಇದೆ, ಒಪ್ಪುತ್ತೇನೆ. ಅನ್ನದ ಪಾತ್ರೆಗೆ ಇರುವೆ ಮುತ್ತುವುದನ್ನು ನೋಡುತ್ತಾ ಕೂರಲಾಗುವುದಿಲ್ಲ, ಏನಾದರೂ ಮಾಡಲೇಬೇಕು. ಆದರೆ 'ಇದೇ ಪುಡಿ ಹಾಕಿಕೊಂಡು ಬೆಳೆದವರು' ಅನ್ನುತ್ತಾರಲ್ಲ, ಆ ಕಾಲದ ಪುಡಿ ಬಹಳ ಮನೆಗಳಲ್ಲಿ ಗಮಾಕ್ಸಿನ್, ಅಂದರೆ ಬಿಎಚ್‌ಸಿ. ಅದನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾರೆ. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಹಾಲು ಬೆಣ್ಣೆಗೂ ಬರುತ್ತೆ ಅಂತ ಗೊತ್ತಾದ ಮೇಲೆ. ಏನೂ ಆಗಲ್ಲ ಅನ್ನುವುದಾಗಿದ್ದರೆ ಯಾವ ಸರ್ಕಾರ ತಾನೇ ನಿಷೇಧ ಮಾಡುತ್ತಿತ್ತು? ಈಗ ಅವರು ತಂದಿರುವುದು ಬೇರೆ ಏನೋ. ಕೀಟನಾಶಕದ ಪ್ಯಾಕೆಟ್ ಮೇಲೆ ಒಂದು ಬಣ್ಣದ ತ್ರಿಕೋನ ಇರಬೇಕು ಅಂತ ನಿಯಮವಿದೆ: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಮ್ಮಿ ಹಸಿರು. ಒಳಗಿನ ವಿಷದ ಹೆಸರೂ ಇರಬೇಕು. ಪೇಪರ್ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಪುಡಿಗೆ ಇದ್ಯಾವುದೂ ಇರುವುದಿಲ್ಲ. ಅಂಗಡಿಯವರನ್ನು ಕೇಳಿದರೆ 'ಇರುವೆ ಪುಡಿ ಸಾರ್' ಅನ್ನುತ್ತಾರೆ ಅಷ್ಟೇ. ಪಕ್ಕದ ಡಬ್ಬದಲ್ಲಿ ಕಡಲೆಹಿಟ್ಟು ಇರುತ್ತದೆ.

ಮಗಳಿಗೂ ಒಂದು ಮಾತು, ಪ್ರೀತಿಯಿಂದಲೇ. ಬೆಕ್ಕಿನ ಮೇಲಿನ ಕಾಳಜಿಗೇ ನೀನು ಹೇಳಿದ್ದು ಅಂತ ಗೊತ್ತು ಮಗಳೇ, ಆದರೆ ನೈಸರ್ಗಿಕ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಲವಂಗದೆಣ್ಣೆಯಲ್ಲಿರುವ ಯುಜಿನಾಲ್ ಅನ್ನೂ ಬೆಕ್ಕಿನ ಲಿವರ್ ಸರಿಯಾಗಿ ಅರಗಿಸುವುದಿಲ್ಲ. ನೀಲಗಿರಿ ಎಣ್ಣೆ, ಪುದೀನ ಎಣ್ಣೆ, ಟೀ ಟ್ರೀ ಎಣ್ಣೆ, ಕರ್ಪೂರ, ನುಸಿಗುಳಿಗೆ ಎಲ್ಲವೂ ದೂರ ಇರಲಿ. ಮೂಲೆಯಲ್ಲಿ ಕಾಫಿಪುಡಿ ಹಾಕಿ ಅನ್ನುವ ಸಲಹೆ ಮೊಬೈಲಿನಲ್ಲಿ ಓಡಾಡುತ್ತಿದೆ, ಕಾಫಿಯ ಕೆಫೀನ್ ನಾಯಿ ಬೆಕ್ಕು ಎರಡಕ್ಕೂ ವಿಷ. ಬೆಳ್ಳುಳ್ಳಿಯೂ ಬೇಡ. ಅರಿಶಿನದ ಗೆರೆ ಎಳೆದರೆ ಪ್ರಾಣಿಗೆ ತೊಂದರೆಯಿಲ್ಲ, ಇರುವೆ ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ಪಕ್ಕದಿಂದ ಸುತ್ತಿ ಬರುತ್ತದೆ. ನೆಲಕ್ಕೆ ಫಿನೈಲ್ ಸುರಿಯುವ ಅಭ್ಯಾಸವಿದ್ದರೆ ಬೆಕ್ಕಿರುವ ಮನೆಯಲ್ಲಿ ಅದನ್ನೂ ನಿಲ್ಲಿಸಿ.

ಈಗ ನೀವು. 'ನಾನು ಏನು ಹಾಕಲಿ' ಅಂತ ಕೇಳಿದ್ದೀರಿ. ಇಷ್ಟು ಚೆನ್ನಾಗಿ ಪತ್ರ ಬರೆದವರು ಇರುವೆ ಎಲ್ಲಿಂದ ಬರುತ್ತಿದೆ ಅಂತ ಒಂದು ಸಾಲು ಬರೆದಿಲ್ಲವಲ್ಲ! ಬೇಜಾರು ಮಾಡಿಕೊಳ್ಳಬೇಡಿ, ಇರುವೆ ಬಗ್ಗೆ ನಮಗೆ ಬರುವ ಪತ್ರಗಳೆಲ್ಲ ಹೀಗೇ ಇರುತ್ತವೆ. ಇವತ್ತು ರಾತ್ರಿ ಊಟ ಆದಮೇಲೆ ಒಂದು ಟಾರ್ಚ್ ಹಿಡಿದು, ಒಂದು ಚಿಟಿಕೆ ಸಕ್ಕರೆ ಇಟ್ಟು, ಆ ಸಾಲನ್ನು ಹಿಂದಕ್ಕೆ ಹಿಂಬಾಲಿಸಿ. ಸಿಂಕಿನ ಪೈಪು ಗೋಡೆಗೆ ಹೋಗುವ ಕಡೆಯೋ, ಕಿಟಕಿ ಚೌಕಟ್ಟಿನ ಸಂದಿಯೋ, ಸ್ವಿಚ್‌ಬೋರ್ಡೋ, ಬಾಗಿಲ ಹೊಸ್ತಿಲಿನ ಬಿರುಕೋ, ಎಲ್ಲಾದರೂ ಒಂದು ಕಡೆ ಅದು ಗೋಡೆಯೊಳಗೆ ಇಳಿಯುತ್ತದೆ. ನಿಮ್ಮ ಉತ್ತರ ಅಲ್ಲಿದೆ.

ಇರುವೆ ಸಾಲು ಅನ್ನುವುದು ವಾಸನೆಯ ದಾರಿ. 1959ರಲ್ಲಿ ಎಡ್ವರ್ಡ್ ವಿಲ್ಸನ್ ಅನ್ನುವ ಅಮೆರಿಕದ ವಿಜ್ಞಾನಿ ಬೆಂಕಿಯಿರುವೆಯ ಹೊಟ್ಟೆಯಲ್ಲಿರುವ ಒಂದು ಪುಟ್ಟ ಗ್ರಂಥಿಯನ್ನು ತೆಗೆದು ಅರೆದು ಗಾಜಿನ ಮೇಲೆ ಗೆರೆ ಎಳೆದರು. ಅಲ್ಲಿ ತಿಂಡಿಯೇನೂ ಇರಲಿಲ್ಲ, ಆದರೂ ಗೂಡಿನ ಇರುವೆಗಳು ಹೊರಗೆ ನುಗ್ಗಿ ಆ ಗೆರೆಯ ಮೇಲೇ ನಡೆದವು. ಒಂದು ಇರುವೆಯ ಹೊಟ್ಟೆಯಲ್ಲಿರುವ ಚೂರಿಗೆ ಇಷ್ಟು ಶಕ್ತಿ. ಅಂದಮೇಲೆ ಸಾಲಿನಲ್ಲಿರುವ ಇರುವೆಗಳನ್ನು ಕೊಂದು ದಾರಿಯನ್ನು ಹಾಗೇ ಬಿಟ್ಟರೆ ಏನು ಬಂತು? ಪಾತ್ರೆ ಸೋಪು ಬೆರೆಸಿದ ನೀರಿನಲ್ಲಿ, ಇಲ್ಲವೇ ಅರ್ಧ ವಿನಿಗರ್ ಅರ್ಧ ನೀರಿನಲ್ಲಿ, ತಟ್ಟೆಯಿಂದ ತೂತಿನವರೆಗೂ ಗಟ್ಟಿಯಾಗಿ ಒರೆಸಿ. ದಾರಿ ಅಳಿಸಿತು. ಆಮೇಲೆ ತೂತು ಮುಚ್ಚಿ.

ಸ್ಪ್ರೇ ಹೊಡೆಯುವುದರಲ್ಲಿ ಇನ್ನೊಂದು ತೊಂದರೆ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಮಗೆ ಕಾಣುವ ಸಾಲು ಗೂಡಿನ ಒಂದು ಸಣ್ಣ ಪಾಲು. ರಾಣಿಯರು, ಮರಿಗಳು ಎಲ್ಲ ಒಳಗೆ. ಮನೆಗಳಲ್ಲಿ ಕಾಣುವ ಫರೋ ಇರುವೆ ಅಂತ ಒಂದಿದೆ, ಹಳದಿ ಕಂದು ಬಣ್ಣದ್ದು, ಕಣ್ಣಿಗೆ ಬೀಳುವುದೇ ಕಷ್ಟ. ಅದರ ಗೂಡಿನಲ್ಲಿ ರಾಣಿ ಒಬ್ಬಳಲ್ಲ, ಹಲವರು. ಸ್ಪ್ರೇ ಬಿದ್ದರೆ ಗೂಡು ಹೆದರಿ ಒಡೆದು, ಒಂದಿದ್ದದ್ದು ನಾಲ್ಕು ಕಡೆ ಹೊಸ ಗೂಡಾಗುತ್ತದೆ. 'ಎಷ್ಟು ಹೊಡೆದರೂ ಜಾಸ್ತಿಯೇ ಆಗುತ್ತಿದೆ' ಅಂತ ಗೋಳಾಡುವ ಮನೆಗಳ ಕಥೆ ಬಹಳ ಸಲ ಇದೇ.

ನಾಯಿಯ ತಟ್ಟೆಗೆ ಹಳೇ ಅಡುಗೆಮನೆಯ ಉಪಾಯ ಸಾಕು. ಅಗಲದ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, ನಡುವೆ ಊಟದ ಬಟ್ಟಲು ಇಡಿ. ನೀರಿಗೆ ಸೋಪು ಬೇಡ, ನಾಯಿ ಕುಡಿದುಬಿಡುತ್ತದೆ. ನಮ್ಮ ಅಜ್ಜಿಯಂದಿರು ಹಾಲು ಮೊಸರನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದರು, ತಿಂಡಿ ಬೀರುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡುತ್ತಿದ್ದರು. ಒಂದು ಇರುವೆಯೂ ಸಾಯದೆ ಮೊಸರು ಉಳಿಯುತ್ತಿತ್ತು. ಅಷ್ಟು ಬುದ್ಧಿಯ ಕೆಲಸವನ್ನು ಫ್ರಿಜ್ ಬಂದ ಮೇಲೆ ಒಂದೇ ತಲೆಮಾರಿನಲ್ಲಿ ಮರೆತುಬಿಟ್ಟೆವು, ಈಗ ಅದೇ ಉಪಾಯದ ಬಟ್ಟಲನ್ನು ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ. ಇನ್ನೊಂದು, ಊಟವನ್ನು ಇಡೀ ದಿನ ನೆಲದಲ್ಲಿ ಬಿಡಬೇಡಿ. ಹೊತ್ತಿಗೆ ಸರಿಯಾಗಿ ಹಾಕಿ, ಇಪ್ಪತ್ತು ನಿಮಿಷಕ್ಕೆ ಎತ್ತಿಬಿಡಿ. ಒಣ ಆಹಾರದಲ್ಲಿ ಕೊಬ್ಬು ಇರುತ್ತದೆ, ಇರುವೆಗೆ ಅದು ಬಹಳ ಇಷ್ಟ. ಚೀಲ ಒಡೆದ ಕೂಡಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಸುರಿಯಿರಿ.

ತೂತಿನ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ನನಗೆ ಸಿಟ್ಟು ಬರುವುದೇ ಅಲ್ಲಿ. ಈಗ ಕಟ್ಟುವ ಮನೆಗಳನ್ನು ನೋಡಿ. ಗ್ರಾನೈಟ್ ಕನ್ನಡಿಯ ಹಾಗೆ ಹೊಳೆಯುತ್ತದೆ, ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಎರಡು ಇಂಚಿನ ಪೈಪಿಗೆ ನಾಲ್ಕು ಇಂಚಿನ ತೂತು, ಸುತ್ತ ಮುಚ್ಚಿಯೇ ಇರುವುದಿಲ್ಲ. ಯುಟಿಲಿಟಿಯ ನೆಲದ ಜಾಲರಿ ಅಲ್ಲಾಡುತ್ತಿರುತ್ತದೆ. ಎಸಿ ಪೈಪಿನ ತೂತಿಗೆ ಥರ್ಮಾಕೋಲ್ ಚೂರು ತುರುಕಿರುತ್ತಾರೆ. ಪ್ಲಂಬರ್ ಪೇಂಟರ್ ಮೇಲೆ ಹಾಕುತ್ತಾರೆ, ಪೇಂಟರ್ ಟೈಲ್ಸ್‌ನವರ ಮೇಲೆ, ಟೈಲ್ಸ್‌ನವರು ಊರಿಗೆ ಹೋಗಿರುತ್ತಾರೆ. ಒಂದು ಕೆಜಿ ವೈಟ್ ಸಿಮೆಂಟ್, ಒಂದು ಟ್ಯೂಬ್ ಸಿಲಿಕಾನ್, ಒಬ್ಬ ಕೆಲಸಗಾರನ ಅರ್ಧ ದಿನ, ಇಷ್ಟೇ ಬೇಕಾದದ್ದು. ಲಕ್ಷಗಟ್ಟಲೆ ಸುರಿದು ಕಟ್ಟಿದ ಮನೆಯಲ್ಲಿ ಅದನ್ನು ಮಾಡುವುದಿಲ್ಲ, ಆಮೇಲೆ ಆ ಮನೆಯ ಬಾಡಿಗೆದಾರರು ವರ್ಷವಿಡೀ ವಿಷದ ಪುಡಿ ಉದುರಿಸಿಕೊಂಡು, ಅದೇ ನೆಲದಲ್ಲಿ ಮಗುವನ್ನು ಅಂಬೆಗಾಲಿಡಲು ಬಿಡುತ್ತಾರೆ. ನೀವು ಬಾಡಿಗೆಗೆ ಇದ್ದೀರಿ, ಮಾಲೀಕರನ್ನು ಕೇಳಿ, ಮಾಡಿಸದಿದ್ದರೆ ನೀವೇ ಮಾಡಿಸಿ. ಪುಡಿಗೆ ಹಾಕುವ ದುಡ್ಡಿಗಿಂತ ಜಾಸ್ತಿ ಆಗಬಹುದು, ಆದರೆ ಪಶುವೈದ್ಯರ ಬಿಲ್ಲಿಗಿಂತ ಕಮ್ಮಿ.

ಇಷ್ಟೆಲ್ಲ ಮಾಡಿಯೂ ಗೂಡು ಗೋಡೆಯೊಳಗೇ ಇದ್ದು ಬಗ್ಗದಿದ್ದರೆ? ಆಗ ಮಾತ್ರ ಆಮಿಷ. ಮೆಡಿಕಲ್ ಸ್ಟೋರಿನ ಬೋರಿಕ್ ಆಸಿಡ್, ಹಿಂದೆ ಕೇರಂ ಬೋರ್ಡಿಗೆ ಉದುರಿಸುತ್ತಿದ್ದದ್ದು. ನೂರು ಎಂಎಲ್ ಸಕ್ಕರೆ ನೀರಿಗೆ ಒಂದೇ ಗ್ರಾಂ. ಜಾಸ್ತಿ ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿನವರೆಗೆ ಹೊತ್ತೊಯ್ಯುವುದಿಲ್ಲ. ಹತ್ತಿಯನ್ನು ಅದರಲ್ಲಿ ಅದ್ದಿ, ಇರುವೆ ಮಾತ್ರ ತೂರುವಂಥ ತೂತು ಮಾಡಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ಟೇಪ್ ಸುತ್ತಿ, ಫ್ರಿಜ್ ಹಿಂದೆಯೋ ಸಿಂಕ್ ಕಪಾಟಿನ ಒಳಗೋ ಇಡಿ. ನಾಯಿ ಕಚ್ಚಿ ಒಡೆಯಲಾಗದ ಡಬ್ಬಿ ಇರಲಿ, ಬೋರಿಕ್ ಆಸಿಡ್ ಹೊಟ್ಟೆಗೆ ಹೋದರೆ ಅವಕ್ಕೂ ವಾಂತಿಯಾಗುತ್ತದೆ. ಇದು ಕೆಲಸ ಮಾಡಲು ವಾರಗಳೇ ಬೇಕು, ಅಲ್ಲಿಯವರೆಗೆ ಆ ಸಾಲನ್ನು ಒರೆಸಬಾರದು. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದರೂ ಸ್ಪ್ರೇ ಬೇಡ, ಬಿರುಕಿನೊಳಗೆ ಜೆಲ್ ಹಾಕಿ ಅನ್ನಿ. ಆ ಜೆಲ್‌ನಲ್ಲಿ ಫಿಪ್ರೊನಿಲ್ ಇರಬಹುದು, ಮೊಲ ಸಾಕಿದವರು ಅದನ್ನು ಕೇಳಿ ತಿಳಿದುಕೊಳ್ಳಬೇಕು, ಮೊಲಕ್ಕೆ ಅದು ಆಗುವುದೇ ಇಲ್ಲ.

ಇರುವೆ ಅಂದರೆ ನಮಗೆ ಇಷ್ಟೊಂದು ದ್ವೇಷ ಯಾವಾಗಿನಿಂದ ಬಂತೋ. ಮಲೆನಾಡಿನವರು ಚಗಳಿ ಇರುವೆಯ ಚಟ್ನಿ ಮಾಡಿ ತಿನ್ನುತ್ತಾರೆ. ಅದೇ ಜಾತಿಯ ಇರುವೆಯ ಗೂಡನ್ನು ದಕ್ಷಿಣ ಚೀನಾದ ರೈತರು ಸುಮಾರು 1700 ವರ್ಷದ ಹಿಂದೆಯೇ ಸಂತೆಯಲ್ಲಿ ಕೊಂಡು ತಂದು ಕಿತ್ತಳೆ ಮರಕ್ಕೆ ಕಟ್ಟುತ್ತಿದ್ದರು, ಹಣ್ಣಿಗೆ ಹುಳ ಹತ್ತದಿರಲಿ ಅಂತ. ನಿಮ್ಮ ಅಂಗಳದ ಗೊದ್ದವೂ ಕೆಂಪಿರುವೆಯೂ ಸತ್ತ ಹುಳ ಎಳೆದುಕೊಂಡು ಹೋಗುತ್ತವೆ, ಮಣ್ಣು ಸಡಿಲ ಮಾಡುತ್ತವೆ. ಅವು ಹೊರಗಿರಲಿ, ನಾವು ಒಳಗಿರೋಣ. ಅಂಗಳದ ಗೂಡಿಗೆಲ್ಲ ಪುಡಿ ಹಾಕುವ ಅಗತ್ಯ ಏನಿದೆ? ಮಳೆಯಲ್ಲಿ ಗೂಡಿಗೆ ನೀರು ನುಗ್ಗಿದಾಗ ಅವು ಒಣ ಜಾಗ ಹುಡುಕಿ ಬರುತ್ತವೆ, ತೂತು ಮುಚ್ಚಿದ್ದರೆ ಬೇರೆ ಕಡೆ ಹೋಗುತ್ತವೆ.

ಮಾವನವರ 'ಏನೂ ಆಗಲ್ಲ'ಕ್ಕೆ ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದಾಗ ಕೆಳಗಿನ ಹಳ್ಳಿಯವರಿಗೆ ಹೇಳಿದ್ದೂ ಇದನ್ನೇ. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಅದೇ ಗತಿ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕುವಷ್ಟರಲ್ಲಿ ಹಾಸಿಗೆ ಹಿಡಿದ ಮಕ್ಕಳು ಮನೆಮನೆಯಲ್ಲಿದ್ದರು. ಅಡುಗೆಮನೆಯ ಪುಡಿ ಅಷ್ಟು ದೊಡ್ಡದಲ್ಲ, ನಿಜ. ಆದರೆ ಅಪಾರ್ಟ್‌ಮೆಂಟುಗಳಲ್ಲಿ ಮೂರು ತಿಂಗಳಿಗೊಮ್ಮೆ ಇರುವೆ ಇರಲಿ ಬಿಡಲಿ ಎಲ್ಲ ಮನೆಗೂ ಸ್ಪ್ರೇ ಹೊಡೆಸುತ್ತಾರಲ್ಲ, ಯಾವ ವಿಷ ಅಂತ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಬರೆಯುವುದಿಲ್ಲವಲ್ಲ, ಅದೂ ಇದೇ ಮಾತಿನ ಮೇಲೆ ನಡೆಯುತ್ತಿದೆ. ಅಂಥ ಕಡೆ ಇರುವ ಓದುಗರು ವಿಷದ ಹೆಸರು ಬರೆದುಕೊಡಿ ಅಂತ ಅಸೋಸಿಯೇಷನ್‌ನವರನ್ನು ಕೇಳಲಿ. ಕೇಳುವುದು ನಿಮ್ಮ ಹಕ್ಕು.

ಕೊನೆಗೆ, ಮಿಕ್ಕ ಪುಡಿ ಏನು ಮಾಡುವುದು ಅನ್ನುವ ಪ್ರಶ್ನೆ ಬರುತ್ತದೆ. ಸಿಂಕಿಗೆ, ಚರಂಡಿಗೆ ಸುರಿಯಬೇಡಿ, ಅದು ಕೊನೆಗೆ ಯಾವುದಾದರೂ ಕೆರೆಗೇ ಸೇರುತ್ತದೆ. ವೈದ್ಯರಿಗೆ ತೋರಿಸಿ ಆದಮೇಲೆ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಮೇಲೆ 'ವಿಷ' ಅಂತ ಬರೆದು, ಕಸದವರಿಗೆ ಹಸಿ ಕಸ ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿ ಕೊಡಿ. ಘನತ್ಯಾಜ್ಯ ನಿಯಮದಲ್ಲಿ ಮನೆಯ ಇಂಥ ಅಪಾಯಕಾರಿ ಕಸಕ್ಕೆ ಬೇರೆ ಲೆಕ್ಕವೇ ಇದೆ. ಪೌರಕಾರ್ಮಿಕರು ಬರಿಗೈಯಲ್ಲಿ ಕಸ ವಿಂಗಡಿಸುತ್ತಾರೆ, ಕೊಡುವಾಗ ಬಾಯಿಬಿಟ್ಟು ಹೇಳಿ. ಬೆಕ್ಕು ಹೇಗಿದೆ ಅಂತ ಬರೆಯಿರಿ, ಜೊತೆಗೆ ಸಾಲು ಯಾವ ತೂತಿಗೆ ಹೋಯಿತು ಅಂತಲೂ.