ಹೊಟ್ಟೆ ತುಂಬುತ್ತೆ, ಮೈಗೆ ಹತ್ತುತ್ತಿಲ್ಲ

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಡೇ ಕೇರ್‌ನಲ್ಲಿ ಬಿಡುತ್ತೇವೆ. ಅಲ್ಲಿ ಬೆಳಿಗ್ಗೆ ಚಹಾ-ಬಿಸ್ಕತ್ತು, ಮಧ್ಯಾಹ್ನ ಅನ್ನ-ಸಾರು, ಸಂಜೆ ಮತ್ತೆ ಬಿಸ್ಕತ್ತು. ಹಟ ಮಾಡದೆ ತಿನ್ನುತ್ತಾಳೆ. ಆದರೆ ಮೂರು ತಿಂಗಳಿಂದ ತೂಕ ಏರಿಲ್ಲ. ಏನು ಮಾಡಲಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಆ ಚಹಾ ನಿಲ್ಲಿಸಲು ಹೇಳಿ, ನಾಳೆಯಿಂದಲೇ. ಊಟದ ಕಬ್ಬಿಣಾಂಶ ಮೈಗೆ ಸೇರದಂತೆ ಅದು ತಡೆಯುತ್ತದೆ. ಮಗುವಿನ ಹಸಿವೂ ಸಾಯುತ್ತದೆ.

ಇನ್ನು ಅನ್ನ-ಸಾರು. ಈ ವಯಸ್ಸಿನ ಹೊಟ್ಟೆ ಚಿಕ್ಕದು. ತಿಳಿಸಾರು ಕಲಸಿದ ಅನ್ನ ನಾಲ್ಕು ತುತ್ತಿಗೇ ತುಂಬಿಬಿಡುತ್ತದೆ, ಅದರಲ್ಲಿ ನೀರೇ ಜಾಸ್ತಿ. ಅವಳಿಗೆ ದಿನಕ್ಕೆ ಸುಮಾರು 1000 ಕ್ಯಾಲರಿ ಬೇಕು. ಒಂಬತ್ತು ತಾಸು ಅಲ್ಲೇ ಇರುವ ಮಗುವಿಗೆ ಅರ್ಧವಾದರೂ ಅಲ್ಲೇ ಸಿಗಬೇಕು, ಅಲ್ವಾ? 2013ರ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಮೂರರಿಂದ ಆರು ವರ್ಷದ ಮಕ್ಕಳಿಗೆ ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂದು ಅಳತೆ ಇಟ್ಟಿತು. ಫೀ ಕಟ್ಟಿ ಬಿಡುವ ಕಡೆ ಬಿಸ್ಕತ್ತಿಗೆ ಯಾಕೆ ಒಪ್ಪಬೇಕು?

ಇದಕ್ಕಾಗಿ ಬೇರೆ ಅಡುಗೆ ಹೂಡಬೇಕಿಲ್ಲ. ಬೇಳೆ ಬೆಂದ ಮೇಲೆ ಗಟ್ಟಿ ಬೇಳೆಯನ್ನು ಮಕ್ಕಳಿಗೆ ತೆಗೆದಿಟ್ಟು, ಉಳಿದದ್ದಕ್ಕೆ ನೀರು ಹಾಕಿ ಸಾರು ಮಾಡಲಿ. ಮೆತ್ತಗಿನ ಅನ್ನಕ್ಕೆ ಆ ಬೇಳೆ, ಒಂದು ಚಮಚ ತುಪ್ಪ ಇಲ್ಲವೇ ಶೇಂಗಾ ಎಣ್ಣೆ, ಸಣ್ಣಗೆ ಹೆಚ್ಚಿ ಬೇಯಿಸಿದ ಮೆಂತೆ ಸೊಪ್ಪು, ಮೇಲೆ ನಾಲ್ಕು ಹನಿ ನಿಂಬೆರಸ. ನಿಂಬೆಯ ವಿಟಮಿನ್ ಸಿ ಇದ್ದರೆ ಬೇಳೆ, ಸೊಪ್ಪಿನ ಕಬ್ಬಿಣಾಂಶವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಪ್ರೋಟೀನ್ ಸಿಗುತ್ತದೆ. ತಿನ್ನದಿದ್ದರೆ ಮೊಳಕೆ ಬಂದ ಮಡಕಿಕಾಳು ಬೇಯಿಸಿ ಕಿವುಚಿ ಕೊಡಲಿ, ಜೊತೆಗೆ ಗಟ್ಟಿ ಮೊಸರು. ಸಂಜೆಗೆ ಬಾಳೆಹಣ್ಣು, ಇಲ್ಲವೇ ಬಿಸಿ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಶೇಂಗಾವನ್ನು ಮಾತ್ರ ಇಡಿಯಾಗಿ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನುಣ್ಣಗೆ ಪುಡಿ ಮಾಡಿ, ಬೆಲ್ಲ ಸೇರಿಸಿ ಹಾಲಿಗೆ ಹಾಕಿದರೆ ಆಯ್ತು.

ಡೇ ಕೇರ್‌ನವರ ಹತ್ತಿರ ವಾರದ ಊಟದ ಪಟ್ಟಿ ಕೇಳಿ. ಒಂದು ದಿನ ಮಧ್ಯಾಹ್ನ ಹೋಗಿ ತಟ್ಟೆಯನ್ನೇ ನೋಡಿ. ಒಬ್ಬರೇ ಹೇಳಿದರೆ ತಕರಾರು ಅನಿಸಬಹುದು, ನಾಲ್ಕು ಮನೆಯವರು ಸೇರಿ ಹೇಳಿದರೆ ಕೇಳುತ್ತಾರೆ. ಅಲ್ಲಿ ನೋಡಿಕೊಳ್ಳುವ ಅಕ್ಕನ ಮೇಲೆ ಮಾತ್ರ ಸಿಟ್ಟು ಬೇಡ. ಒಬ್ಬಳೇ ಅಷ್ಟು ಮಕ್ಕಳನ್ನು ಸಂಭಾಳಿಸುವಾಗ ಪ್ಯಾಕೆಟ್ ಒಡೆದು ಕೊಡುವುದೇ ಸುಲಭ ಅನಿಸುತ್ತದೆ. ಅಡುಗೆಗೆ ಇನ್ನೊಂದು ಕೈ ಇಡಿ ಎಂದು ನಡೆಸುವವರಿಗೆ ಹೇಳಿ.

ಊಟ ಬದಲಾಗಲಿ ಎಂದು ಕಾಯುತ್ತ ಸುಮ್ನೆ ಕೂರಬೇಡಿ. ಮೂರು ತಿಂಗಳು ತೂಕ ಏರದಿದ್ದರೆ ಬೇರೆ ಕಾರಣವೂ ಇರಬಹುದು. ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತ ಕಡಿಮೆ ಇದೆಯಾ, ಜಂತುಹುಳದ ಔಷಧ ಬೇಕಾ ಎಂದು ಕೇಳಿ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ, ಹಿಂದಿನ ತೂಕಗಳನ್ನು ಅವರು ನೋಡಲೇಬೇಕು.