ಪಿಎಸ್5: ಡಿಸ್ಕ್ ಇರೋದೇ ತಗೋಬೇಕಾ, ಡಿಜಿಟಲ್ ಎಡಿಷನ್ ಸಾಕಾ?

ಸೋನಿಯ ಗೇಮ್ ಕನ್ಸೋಲ್ ಪಿಎಸ್5ರಲ್ಲಿ ಎರಡು ಬಗೆ: ಡಿಸ್ಕ್ ಡ್ರೈವ್ ಇರೋದು, ಮತ್ತೆ ಡ್ರೈವ್ ಇಲ್ಲದೆ ಸೋನಿಯ ಆನ್‌ಲೈನ್ ಅಂಗಡಿ ಪಿಎಸ್ ಸ್ಟೋರ್‌ನಿಂದಲೇ ಆಟ ಇಳಿಸಿಕೊಳ್ಳೋ ಡಿಜಿಟಲ್ ಎಡಿಷನ್. ಡಿಸ್ಕ್ ಇರೋದನ್ನೇ ತಗೊಳ್ಳಿ. "ಸ್ಟೋರ್‌ನಲ್ಲಿ ಹೇಗೂ 60-70% ಆಫ್ ಬರುತ್ತಲ್ಲ, ಡ್ರೈವ್‌ಗೆ ಸುಮ್ಮನೆ ಹತ್ತು ಸಾವಿರ ಯಾಕೆ" ಅಂತ ಕೇಳಿದ್ದೀರಿ. ನಿಮ್ಮ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ: ಆಟ ಮುಗಿದ ಮೇಲೆ ಕೈಗೆ ವಾಪಸ್ ಬರೋ ದುಡ್ಡು.

2024ರ ಏಪ್ರಿಲ್‌ನಲ್ಲಿ ಸ್ಲಿಮ್ (ಪಿಎಸ್5ರ ಆಮೇಲಿನ ಚಿಕ್ಕ ಮಾಡೆಲ್) ನಮ್ಮಲ್ಲಿಗೆ ಬಂದಾಗ ಡಿಸ್ಕ್ ಮಾಡೆಲ್ ₹54,990, ಡಿಜಿಟಲ್ ₹44,990 ಇತ್ತು. ದೊಡ್ಡ ಆಟ ಒಂದಕ್ಕೆ ₹4,999 ಅಂತಿಟ್ಟುಕೊಳ್ಳಿ. ಡಿಸ್ಕ್ ತಂದು, ಮೂರು ವಾರದಲ್ಲಿ ಮುಗಿಸಿ ₹3,300ಕ್ಕೆ ಮಾರಿದರೆ ಆಟಕ್ಕೆ ಬಿದ್ದ ಖರ್ಚು ₹1,699. ಅದೇ ಆಟ ಸ್ಟೋರ್‌ನಲ್ಲಿ 50% ಆಫ್‌ಗೆ ಬರೋವರೆಗೆ ಕಾದರೂ ₹2,499 ಕೊಡಬೇಕು, ಅದರಲ್ಲಿ ಒಂದು ರೂಪಾಯಿಯೂ ತಿರುಗಿ ಬರಲ್ಲ. ಸ್ಟೋರ್‌ನಲ್ಲಿ ಪೂರ್ತಿ ಬೆಲೆ ಕೊಡೋದಕ್ಕೆ ಹೋಲಿಸಿದರೆ, ಇಂಥ ಮೂರು ಆಟ ಮಾರಿದರೆ ಡ್ರೈವ್‌ಗೆ ಕೊಟ್ಟ ಹತ್ತು ಸಾವಿರ ಹೆಚ್ಚೂಕಮ್ಮಿ ಕೈಗೆ ಬಂತು. 50% ಆಫ್‌ಗೆ ಕಾಯೋದಕ್ಕೆ ಹೋಲಿಸಿದರೆ ಹನ್ನೆರಡು-ಹದಿಮೂರು ಆಟ ಬೇಕು. ₹3,300 ಅನ್ನೋದು ಉದಾಹರಣೆಗೆ ಹೇಳಿದ್ದು. ನಿಮ್ಮೂರಲ್ಲಿ ಏನು ನಡೀತಿದೆ ಅಂತ ಓಎಲ್‌ಎಕ್ಸ್‌ನಲ್ಲಿ ನೋಡಿ. ಬೆಂಗಳೂರಾದರೆ ನ್ಯಾಷನಲ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ವಿಚಾರಿಸಿ. ಒಂದು ಮಾತ್ರ ನೆನಪಿರಲಿ: ಡಿಸ್ಕ್ ಮಾರೋದಾದರೆ ಬೇಗ ಮಾರಬೇಕು. ಸ್ಟೋರ್‌ನಲ್ಲಿ ಮೊದಲ ದೊಡ್ಡ ಸೇಲ್ ಬಿದ್ದ ದಿನವೇ ಸೆಕೆಂಡ್ ಹ್ಯಾಂಡ್ ರೇಟೂ ಬೀಳುತ್ತೆ.

ಈ ಲೆಕ್ಕ ಎಲ್ಲರಿಗೂ ಹೊಂದಲ್ಲ. ವರ್ಷವಿಡೀ ಒಂದೇ ಫುಟ್‌ಬಾಲ್ ಆಟವನ್ನೋ ಫೋರ್ಟ್‌ನೈಟನ್ನೋ ಆಡ್ತಾ ಇರೋರು, ಡಿಸ್ಕೇ ಬರದ ಚಿಕ್ಕ ಇಂಡೀ (ಸಣ್ಣ ತಂಡಗಳು ಮಾಡೋ) ಆಟಗಳನ್ನ ಇಷ್ಟಪಡೋರು, ಮಾರೋದು-ಕೊಳ್ಳೋದು ಅಂದ್ರೆ ತಲೆನೋವು ಅನ್ನೋರು ಡಿಜಿಟಲ್ ತಗೊಂಡರೆ ನಷ್ಟವೇನಿಲ್ಲ. ದೊಡ್ಡ ಆಟಗಳೂ ಈಗ ಹಾಗೆ ಬರ್ತಿವೆ. ಅಲನ್ ವೇಕ್ 2 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, ಬರೀ ಡಿಜಿಟಲ್. ಡಿಸ್ಕ್‌ಗೆ ಒಂದು ವರ್ಷ ಕಾಯಬೇಕಾಯ್ತು.

ಡಿಸ್ಕ್ ತಗೊಂಡರೆ ಜಾಗ ಉಳಿಯುತ್ತೆ ಅಂತ ಬರೆದಿದ್ದೀರಿ. ಉಳಿಯಲ್ಲ. ಪಿಎಸ್5 ಆಟ ಡಿಸ್ಕ್‌ನಿಂದ ನೇರವಾಗಿ ಓಡಲ್ಲ, ಪೂರ್ತಿ ಒಳಗಿನ ಸ್ಟೋರೇಜ್‌ಗೆ (ಎಸ್‌ಎಸ್‌ಡಿ) ಕಾಪಿ ಆಗುತ್ತೆ. ಆಮೇಲೆ ಡಿಸ್ಕ್ ಬರೀ ಬೀಗದಕೈ, ಆಡುವಾಗ ಒಳಗಿರಬೇಕು ಅಷ್ಟೇ. ಉಳಿಯೋದು ಡೌನ್‌ಲೋಡ್ ಡೇಟಾ, ಅದೂ ಯಾವಾಗಲೂ ಅಲ್ಲ. 2022ರ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ 2ರ ಡಿಸ್ಕ್‌ನಲ್ಲಿ ನೂರು ಎಂಬಿಯಷ್ಟೂ ಇರಲಿಲ್ಲ, ಮಿಕ್ಕಿದ್ದೆಲ್ಲ ಇಂಟರ್ನೆಟ್‌ನಿಂದ. ಬಾಕ್ಸ್ ಮೇಲೆ "ಡೌನ್‌ಲೋಡ್ ಕಡ್ಡಾಯ" ಅನ್ನೋ ಅರ್ಥದ ಸಾಲು ಇದೆಯಾ ನೋಡಿ. ಜಾಗ ಸಾಲದಿದ್ದರೆ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ ಪಿಎಸ್5 ಆಟ ಇಟ್ಟುಕೊಳ್ಳಬಹುದು, ಅಲ್ಲಿಂದಲೇ ಆಡೋಕೆ ಆಗಲ್ಲ. ಪಿಎಸ್4 ಆಟಗಳನ್ನ ಆಡಬಹುದು. ಜಾಗ ಹೆಚ್ಚಿಸೋಕೆ ಒಳಗೆ ಹಾಕೋ ಎಂ.2 ಎಸ್‌ಎಸ್‌ಡಿ (ಪಟ್ಟಿಯಂಥ ಸ್ಟೋರೇಜ್ ಕಾರ್ಡ್) ಜೆನ್4, ಅಂದ್ರೆ ನಾಲ್ಕನೇ ತಲೆಮಾರಿನದ್ದು ಆಗಿರಬೇಕು, ರೀಡ್ ಸ್ಪೀಡ್ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು ಇರಲಿ ಅಂತ ಸೋನಿ ಹೇಳುತ್ತೆ. ಹೀಟ್‌ಸಿಂಕ್ (ಬಿಸಿ ಹೀರೋ ಲೋಹದ ಹೊದಿಕೆ) ಸೇರಿ ಒಟ್ಟು ದಪ್ಪ 11.25 ಮಿ.ಮೀ. ದಾಟಬಾರದು. ಪಿಸಿಗೆ ಅಂತ ಮಾಡಿದ ಎತ್ತರದ ಹೀಟ್‌ಸಿಂಕ್ ತಂದವರಿಗೆ ಕೈಕೊಡೋದು ಇಲ್ಲೇ, ಮುಚ್ಚಳ ಕೂರಲ್ಲ.

ಡಿಸ್ಕ್‌ನಲ್ಲಿ ಇನ್ನೊಂದು ಕೊಕ್ಕೆ ಡಿಎಲ್‌ಸಿ, ಅಂದ್ರೆ ಆಟಕ್ಕೆ ಆಮೇಲೆ ಸ್ಟೋರ್‌ನಿಂದ ಸೇರಿಸಿಕೊಳ್ಳೋ ಹೆಚ್ಚುವರಿ ಭಾಗ. ಪಿಎಸ್5 ಡಿಸ್ಕ್ ಯಾವ ದೇಶದ್ದಾದರೂ ಓಡುತ್ತೆ, ಆದರೆ ಡಿಎಲ್‌ಸಿ ಆ ಡಿಸ್ಕ್‌ನ ಪ್ರದೇಶದ ಸ್ಟೋರಿನದ್ದೇ ಆಗಿರಬೇಕು. ಅಮೆರಿಕದಿಂದ ಬರೋ ಚಿಕ್ಕಪ್ಪನ ಕೈಲಿ ಡಿಸ್ಕ್ ತರಿಸಿ, ಇಲ್ಲಿನ ಅಕೌಂಟ್‌ನಲ್ಲಿ ಡಿಎಲ್‌ಸಿ ಕೊಂಡರೆ ಎರಡೂ ಒಂದಕ್ಕೊಂದು ಸೇರಲ್ಲ. ಎಲ್ಡನ್ ರಿಂಗ್ ಥರ ದೊಡ್ಡ ಡಿಎಲ್‌ಸಿ ಇರೋ ಆಟಕ್ಕೆ ಡಿಸ್ಕ್ ಕೊಳ್ಳೋ ಮುಂಚೆ ಅದು ಯಾವ ಪ್ರದೇಶದ್ದು ಅಂತ ಬಾಕ್ಸ್‌ನ ಹಿಂಭಾಗ ನೋಡಲೇಬೇಕು.

ಇನ್ನು ಸೇಲ್ ವಿಷಯ. ಸೇಲ್ ತೋರಿಸೋಕೆ ನೀವು ಕಳಿಸಿರೋ ಸ್ಕ್ರೀನ್‌ಶಾಟ್‌ನಲ್ಲಿ 70% ಆಫ್ ಇರೋದು ಡೀಲಕ್ಸ್ ಎಡಿಷನ್ ಮೇಲೆ. ಅದರಲ್ಲಿ ಹೆಚ್ಚಿಗೆ ಬರೋ ಸ್ಕಿನ್ (ಪಾತ್ರದ ವೇಷ), ಸೌಂಡ್‌ಟ್ರ್ಯಾಕ್ ನಿಮಗೆ ಬೇಡ ಅಂದ್ರೆ ಸ್ಟ್ಯಾಂಡರ್ಡ್ ಎಡಿಷನ್ನಿನ ಬೆಲೆ ಎಷ್ಟು ಅಂತ ನೋಡಿ, ಶೇಕಡಾ ಮರೆತುಬಿಡಿ. ಪಿಎಸ್‌ಪ್ರೈಸಸ್ ಥರದ ತಾಣದಲ್ಲಿ ಭಾರತದ ಸ್ಟೋರ್ ಆರಿಸಿದರೆ ಆಟದ ಹಳೇ ಬೆಲೆಗಳೆಲ್ಲ ಕಾಣುತ್ತೆ. ಹಿಂದೆ ಇದಕ್ಕಿಂತ ಕಮ್ಮಿಗೆ ಬಂದಿದ್ದರೆ ಇನ್ನೊಂದು ಸಲ ಬರುತ್ತೆ. ಮೇ ಕೊನೆಯ ಡೇಸ್ ಆಫ್ ಪ್ಲೇ, ನವೆಂಬರ್‌ನ ಬ್ಲ್ಯಾಕ್ ಫ್ರೈಡೇ ದೊಡ್ಡವು. ಸೋನಿಯ ಚಂದಾ ಸೇವೆ ಪ್ಲಸ್ ಎಕ್ಸ್‌ಟ್ರಾ ತಗೊಂಡಿದ್ದರೆ ಆಟ ಅದರ ಪಟ್ಟಿಯಲ್ಲೇ ಇದೆಯಾ ಅಂತಲೂ ಒಮ್ಮೆ ಹುಡುಕಿ.

ಪಿಎಸ್ ಸ್ಟೋರ್‌ನ ರೀಫಂಡ್, ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಷ್ಟು ಉದಾರವಾಗಿಲ್ಲ. ಸ್ಟೀಮ್‌ನಲ್ಲಿ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್. ಪಿಎಸ್ ಸ್ಟೋರ್‌ನಲ್ಲೂ 14 ದಿನವೇ, ಆದರೆ ಡೌನ್‌ಲೋಡ್ ಶುರುವಾದರೆ ಹಕ್ಕು ಹೋಯ್ತು. ಅದಕ್ಕೇ ಕನ್ಸೋಲ್‌ನಲ್ಲಿ ಕೊಳ್ಳಬೇಡಿ, ಫೋನ್‌ನ ಆ್ಯಪ್‌ನಲ್ಲಿ ಕೊಂಡು, ಆಡೋ ದಿನ ಡೌನ್‌ಲೋಡ್ ಒತ್ತಿ.

ಟೆಲಿಗ್ರಾಂನಲ್ಲಿ "ಪ್ರೈಮರಿ ಅಕೌಂಟ್, ₹900" ಅಂತ ಆಟ ಇರೋ ತಮ್ಮ ಅಕೌಂಟನ್ನೇ ಮಾರ್ತಾರಲ್ಲ, ಅದು ಬೇಡವೇ ಬೇಡ. ಅಕೌಂಟ್ ಅವರ ಹೆಸರಲ್ಲಿರುತ್ತೆ, ಪಾಸ್‌ವರ್ಡ್ ಬದಲಾಯಿಸಿದ ದಿನ ಆಟ ಹೋಯ್ತು, ಸೋನಿಗೆ ದೂರು ಕೊಡೋಕೂ ನಿಮಗೆ ಬಾಯಿಲ್ಲ. ನಿಮ್ಮದೇ ಅಕೌಂಟ್‌ನಲ್ಲಿ ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅದರ್, ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ ಆನ್ ಮಾಡಿಟ್ಟರೆ, ನೀವು ಕೊಂಡ ಡಿಜಿಟಲ್ ಆಟವನ್ನ ಅದೇ ಕನ್ಸೋಲ್‌ನಲ್ಲಿ ತಮ್ಮನೂ ಅವನ ಐಡಿಯಿಂದ ಆಡಬಹುದು, ನೆಟ್ ಹೋದರೂ ಓಡುತ್ತೆ. ಒಂದು ಅಕೌಂಟ್‌ಗೆ ಒಂದೇ ಪಿಎಸ್5.

"ಡಿಜಿಟಲ್ ಅಂದ್ರೆ ನಮ್ಮದಲ್ಲ" ಅನ್ನೋ ವಾದ ಅರ್ಧ ಸತ್ಯ. ಕೊಳ್ಳೋದು ಲೈಸೆನ್ಸ್ ಅನ್ನೋದು ನಿಜ, ಅದನ್ನ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕಾನೂನೇ ಇದೆ. ಆದರೆ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಆನ್‌ಲೈನ್‌ನಲ್ಲೇ ಓಡೋ ತನ್ನ ಕಾರ್ ರೇಸ್ ಆಟ ದ ಕ್ರೂನ ಸರ್ವರ್ ಮುಚ್ಚಿದಾಗ ಡಿಸ್ಕ್ ಇದ್ದವರೂ ಅದೇ ದೋಣಿಯಲ್ಲಿದ್ದರು. ಆನ್‌ಲೈನ್ ಕಡ್ಡಾಯ ಇರೋ ಆಟಕ್ಕೆ ಡಿಸ್ಕ್ ಭದ್ರತೆ ಕೊಡಲ್ಲ.

ಎಕ್ಸ್‌ಕ್ಲೂಸಿವ್‌ಗಳಿಗಾಗಿ, ಅಂದ್ರೆ ಒಂದೇ ಕಂಪನಿಯ ಕನ್ಸೋಲ್‌ಗೆ ಅಂತ ಬರೋ ಆಟಗಳಿಗಾಗಿ, ಪಿಎಸ್5 ಬೇಕಾ? ಒಳ್ಳೇ ಪಿಸಿ ಇದ್ದರೆ, ತಾಳ್ಮೆಯೂ ಇದ್ದರೆ, ಅಷ್ಟೊಂದು ಬೇಕಿಲ್ಲ. ಘೋಸ್ಟ್ ಆಫ್ ತ್ಸುಶಿಮಾ 2020ರಲ್ಲಿ ಬಂದು ಪಿಸಿ ತಲುಪಿದ್ದು 2024ರ ಮೇನಲ್ಲಿ, ಗಾಡ್ ಆಫ್ ವಾರ್ ರ‍್ಯಾಗ್ನರಾಕ್‌ಗೆ ಎರಡು ವರ್ಷವೂ ತುಂಬಲಿಲ್ಲ. ಹೆಲ್‌ಡೈವರ್ಸ್ 2 ಪಿಎಸ್5, ಪಿಸಿ ಎರಡಕ್ಕೂ ಒಂದೇ ದಿನ ಬಂತು. ಎದುರಾಳಿ ಕನ್ಸೋಲ್ ಎಕ್ಸ್‌ಬಾಕ್ಸ್ ಕಡೆಯಿಂದ ಫೋರ್ಝಾ ಹೊರೈಝನ್ 5 2025ರ ಏಪ್ರಿಲ್‌ನಲ್ಲಿ ಪಿಎಸ್5ಗೇ ಬಂತು. ಹಾಗಾಗಿ ಬರೀ ಎಕ್ಸ್‌ಕ್ಲೂಸಿವ್ ಆಟಕ್ಕೋಸ್ಕರ ಎರಡನೇ ಕನ್ಸೋಲ್ ಕೊಳ್ಳೋದು ನನ್ನ ಪ್ರಕಾರ ದಂಡ.

ದುಡ್ಡು ಈಗ ಸಾಲದೆ ಡಿಜಿಟಲ್ ಮಾಡೆಲ್ಲೇ ತಗೊಳ್ಳೋದಾದರೆ ಸ್ಲಿಮ್ ಅಂತ ಖಾತ್ರಿ ಮಾಡಿಕೊಳ್ಳಿ. ಮಾಡೆಲ್ ನಂಬರ್ ಸಿಎಫ್‌ಐ-2000ದ ಸರಣಿ ಇದ್ದರೆ ಡ್ರೈವ್ ಬೇರೆ ಕೊಂಡು ಆಮೇಲೆ ಸೇರಿಸಬಹುದು. ಸಿಎಫ್‌ಐ-1000, 1100, 1200 ಸರಣಿಯ ಹಳೇ ಡಿಜಿಟಲ್‌ಗೆ ಆಗಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡ್ತಿರೋದರಲ್ಲಿ ಇವೂ ಇರುತ್ತವೆ. ಡ್ರೈವ್ ಸೇರಿಸಿದ ಮೊದಲ ಸಲ ಕನ್ಸೋಲ್ ಜೊತೆ ಅದನ್ನ ಜೋಡಿ ಮಾಡೋಕೆ ಇಂಟರ್ನೆಟ್ ಬೇಕೇ ಬೇಕು.